ಹೆಸರು ಹೇಳದ ಅವ್ವನಿಗೆ

ಅವ್ವಾ,

ಹಿರಿಯರಿಗೆ ಪತ್ರ ಬರೆಯುವಾಗ ಮೊದಲು ಅವರ ಪಾದಗಳಿಗೆ ನಮಸ್ಕಾರ ಬರೆಯಬೇಕು ಎಂದು ಶಾಲೆಯಲ್ಲಿ ಮಕ್ಕಳಿಗೆ ನಾನೇ ಕಲಿಸುತ್ತೇನೆ. ನಿನಗೆ ಹಾಗೆ ಬರೆಯಲು ಮನಸ್ಸು ಬರಲಿಲ್ಲ. ನೀನು ತೀರಿಕೊಂಡು ಎರಡು ವರ್ಷವಾಯಿತು. ನಿನ್ನ ಮೇಲಿನ ಸಿಟ್ಟು ಮಾತ್ರ ಹಾಗೇ ಇದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ಯಾಕೆ ಇಟ್ಟುಕೊಳ್ಳಬಾರದು? ಸತ್ತ ಮಾತ್ರಕ್ಕೆ ನೀನೇನು ಒಳ್ಳೆಯವಳಾಗಿಬಿಟ್ಟೆಯಾ? ಬದುಕಿದ್ದಾಗ ನಾನು ನಿನ್ನನ್ನು ಕೇಳಿದ್ದು ಒಂದೇ ಒಂದು ಪ್ರಶ್ನೆ. ಅದಕ್ಕೆ ಉತ್ತರ ಕೊಡದೆ ಮೊದಲು ಬುದ್ಧಿಯನ್ನು ಕಳಿಸಿಕೊಟ್ಟೆ, ಆಮೇಲೆ ನೀನೂ ಹೋದೆ. ಈಗ ಆ ಉತ್ತರ ಬೇರೆಯವರ ಕೈಯಿಂದ ನನಗೆ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ. ಕೊನೆಯವರೆಗೂ ಓದು. ಮಾತಿನ ನಡುವೆ ಎದ್ದುಹೋಗುವುದು ನಿನ್ನ ಹಳೆಯ ಚಾಳಿ.

ನನಗೆ ಆರೇಳು ವರ್ಷವಿದ್ದಾಗ ಒಂದು ಸೋಮವಾರ ಮನೆಗೆ ಜಂಗಮರು ಬಂದಿದ್ದರು. ನಾವೆಲ್ಲ ಪಾದ ಮುಟ್ಟಿ 'ಶರಣು' ಅಂದೆವು. ನೀನು ಕೈ ಮುಗಿದೆ, ತುಟಿ ಬಿಚ್ಚಲಿಲ್ಲ. ಅವರು ಹೋದ ಮೇಲೆ ಯಾಕೆ ಎಂದು ಕೇಳಿದರೆ ಒಳಗೆ ಹೊರಟುಹೋದೆ. ಅಪ್ಪ ನಕ್ಕು ಹೇಳಿದ, "ನಿಮ್ಮವ್ವ ಶರಣು ಅಂದ್ರ ಅದರಾಗ ಅರ್ಧ ನಾನೇ ಬರ್ತೀನಿ ನೋಡು. ಅದಕ್ಕ ಅನ್ನಂಗಿಲ್ಲ." ಅಪ್ಪನ ಹೆಸರು ಶರಣಪ್ಪ. ಹೆಂಡತಿ ಗಂಡನ ಹೆಸರು ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಕಡೆಯ ಹೆಂಗಸರೆಲ್ಲ ನಂಬುತ್ತಾರೆ. ಆದರೂ ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ಒಡಪು ಹಾಕಿ, ನಾಲ್ಕು ಸಾಲಿನ ಪದದೊಳಗೆ ಸೇರಿಸಿ, ನಾಚಿಕೊಂಡು ಒಂದು ಸಲ ಹೇಳುತ್ತಾರೆ. ನೀನು ಅಷ್ಟೂ ಹೇಳಿದವಳಲ್ಲ. ಒಡಪು ಹೇಳು ಎಂದು ಹೆಂಗಸರು ಸುತ್ತುಗಟ್ಟಿದರೆ ದನದ ಕೊಟ್ಟಿಗೆಗೆ ಓಡಿಹೋಗುತ್ತಿದ್ದೆ. ಅಪ್ಪ ನಗುತ್ತಿದ್ದ, ನಾನೂ ನಗುತ್ತಿದ್ದೆ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ ಎಂದು ನನಗೆ ಗೊತ್ತಾಗಲು ಮೂವತ್ತು ವರ್ಷ ಬೇಕಾಯಿತು.

ಅಪ್ಪನನ್ನು ಹಿಡಿದುಕೊಂಡು ಹೋದ ದಿನ ನಾನು ಊರಲ್ಲಿರಲಿಲ್ಲ. ಬೀದರದ ಮೈಲೂರಿನಲ್ಲಿ ಗಂಡನ ಮನೆಯಲ್ಲಿದ್ದೆ. ರಜಾಕಾರರ ಹಾವಳಿಯ ಬೇಸಿಗೆ ಅದು. ನಿಜಾಮನ ಗಡಿಯಾಚೆಯಿಂದ ಬಾವುಟ ಹಿಡಿದು ಬಂದ ಇಬ್ಬರಿಗೆ ಅಪ್ಪ ಕೊಟ್ಟಿಗೆಯಲ್ಲಿ ಮಲಗಲು ಜಾಗ ಕೊಟ್ಟನಂತೆ. ಯಾರೋ ಹೇಳಿಕೊಟ್ಟರು, ಪೊಲೀಸರ ಲಾರಿ ಬಂತು. ಔರಾದದ ಆಚೆ ಹದಿನೈದು ಮನೆಯ ನಮ್ಮ ಊರು ಒಂದೇ ವಾರದಲ್ಲಿ ಖಾಲಿಯಾಯಿತು. ಹೆಚ್ಚುಕಡಿಮೆ ಎಲ್ಲರೂ ಗಡಿ ದಾಟಿ ಹೋದರು. ನೀನು ಹೋಗಲಿಲ್ಲ, ನನ್ನ ಹತ್ತಿರವೂ ಬರಲಿಲ್ಲ. "ಎಮ್ಮಿ ಈದಾದ, ಬಿಟ್ಟು ಹ್ಯಾಂಗ ಬರ್ಲಿ" ಎಂದು ಹೇಳಿ ಕಳಿಸಿದೆ. ಗಂಡ ಜೈಲಿನಲ್ಲಿದ್ದಾನೆ, ನಿನಗೆ ಎಮ್ಮೆಯ ಚಿಂತೆ.

ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆಗಿ ಹತ್ತು ದಿನಕ್ಕೆ ನಮ್ಮೂರ ಚಾವಡಿಗೆ ಒಬ್ಬ ಹುಡುಗ ವಯಸ್ಸಿನ ಕಾರ್ಯಕರ್ತ ಬಂದು ಕೂತ ಕಥೆಯನ್ನು ನಾನು ಎಷ್ಟು ಸಲ ಎಷ್ಟು ಜನಕ್ಕೆ ಹೇಳಿದ್ದೇನೋ. ಊರಲ್ಲಿ ಆಗ ಉಳಿದಿದ್ದವರು ನೀನು, ನಮ್ಮ ಅಣ್ಣತಮ್ಮಂದಿರ ಮನೆತನದ ಇನ್ನಿಬ್ಬರು ಮುದುಕಿಯರು, ಕಿವಿ ಕೇಳದ ತಳವಾರ. ಆ ಕಾರ್ಯಕರ್ತ ಕೇಳಿದನಂತೆ, "ಯಾರ ಮನ್ಯಾಗಿನವರನ್ನ ಹಿಡಕೊಂಡು ಹೋಗ್ಯಾರ, ಹೆಸರು ಹೇಳ್ರಿ. ಯಾದಿ ಮಾಡಿ ಜೈಲಿಗೆ ಕಳಸ್ತೇವಿ. ಬಿಡ್ತಾರ."

"ನಮ್ಮ ಮನ್ಯಾಗಿನವರನ್ನ ಒಯ್ದಾರಪ್ಪಾ," ಅಂದೆಯಂತೆ ನೀನು.

"ಹೆಸರೇನ್ರಿ?"

"ನನ್ನ ಮಗಳಪ್ಪ."

"ಮಗಳಪ್ಪ ಅಂತ ಬರದ್ರ ಯಾರನ್ನ ಬಿಡ್ತಾರ್ರಿ ಅಮ್ಮಾ? ಹೆಸರು ಹೇಳ್ರಿ."

ನೀನು ಸೆರಗು ಬಾಯಿಗೆ ಇಟ್ಟುಕೊಂಡೆ. ಅವನು ಉಳಿದ ಇಬ್ಬರ ಕಡೆ ತಿರುಗಿದ. ಅವರು, "ನಮಗ ಭಾವ ಆಗಬೇಕ್ರಿ, ನಾವೂ ಹೇಳಂಗಿಲ್ಲ" ಅಂದರು. ತಳವಾರನಿಗೆ ಏನು ಕೇಳುತ್ತಿದ್ದಾರೆ ಎನ್ನುವುದೇ ತಿಳಿಯಲಿಲ್ಲ. ಹೊತ್ತು ಇಳಿಯಿತು, ಅವನು ಕಾಗದ ಮಡಚಿಕೊಂಡು ಎದ್ದುಹೋದ. ಮೂವರು ಹೆಂಗಸರು, ಮೂರು ನಾಲಿಗೆ, ಒಂದು ಹೆಸರು ಹೇಳಲಾಗಲಿಲ್ಲ. ಇದನ್ನು ಬೇರೆ ಊರಿನವರಿಗೆ ಹೇಳಿದರೆ ನಂಬುವುದೇ ಇಲ್ಲ.

ಮೂರು ವಾರದ ಮೇಲೆ ಭಾಲ್ಕಿಯವರೊಬ್ಬರು ಮೈಲೂರಿನ ನಮ್ಮ ಮನೆ ಹುಡುಕಿಕೊಂಡು ಬಂದರು. ಜೈಲಿನಲ್ಲಿ ಅಪ್ಪನ ಜೊತೆ ಇದ್ದವರು. ಬಾಗಿಲಲ್ಲಿ ನಿಂತೇ ಹೇಳಿದರು, "ಜ್ವರ ಬಂದು ಹೋಗಿಬಿಟ್ರು ತಂಗಿ. ಯಾವತ್ತು ಅಂತ ಹೇಳಾಕ ಬರಂಗಿಲ್ಲ, ಅಲ್ಲಿ ದಿನಾ ವಾರಾ ಗೊತ್ತಾಗ್ತಿರಲಿಲ್ಲ. ಮುಂಜಾನಿ ಬಿಡುಗಡಿ ಯಾದಿ ಓದ್ತಿದ್ರು. ಅಪ್ಪಾರು ಆ ಜ್ವರದಾಗೂ ಎದ್ದು ಕೂತು ಕೇಳ್ತಿದ್ರು. ಅವರ ಹೆಸರು ಬರಲಿಲ್ಲ." ಎದ್ದು ಕೂತು ಕೇಳುತ್ತಿದ್ದನಂತೆ, ಅವ್ವಾ. ಯಾರೋ ಒಬ್ಬರು ತನ್ನ ಹೆಸರು ಹೇಳಿರುತ್ತಾರೆ ಎಂದು. ನೀನಲ್ಲದೆ ಇನ್ನು ಯಾರು ಹೇಳಬೇಕಿತ್ತು?

ಮರುದಿನವೇ ಊರಿಗೆ ಬಂದೆ. ನೀನು ಎಮ್ಮೆಗೆ ಮೇವು ಹಾಕುತ್ತಿದ್ದೆ. ಅಪ್ಪ ಹೋದ ಸುದ್ದಿ ಕೇಳಿ ಅಳಲಿಲ್ಲ. ಕೈಯಲ್ಲಿದ್ದ ಕಣಿಕೆ ಕೆಳಗೆ ಇಟ್ಟು ನೆಲಕ್ಕೆ ಕೂತೆ. ಅಪ್ಪನ ಹೆಸರು ಹೇಳಿದ್ದೆಯೋ ಇಲ್ಲವೋ ಎಂದು ಕೇಳಿದೆ. ನೀನು ನನ್ನ ಮುಖ ನೋಡಿದೆ. ನನ್ನ ಪ್ರಶ್ನೆ ಇಷ್ಟೇ ಇತ್ತು, ಹೌದು ಎನ್ನಬಹುದಿತ್ತು, ಇಲ್ಲ ಎನ್ನಬಹುದಿತ್ತು. "ಬಿಡು ಅದನ್ನ" ಅಂದೆ, ಎದ್ದು ಹೊರಗೆ ಹೋದೆ. ಆ ಇಬ್ಬರು ಮುದುಕಿಯರು ಚಾವಡಿಯ ಕಥೆ ಹೇಳಿದರು. ನನಗೆ ಮತ್ತೆ ಸಾಕ್ಷಿ ಬೇಕಾಗಲಿಲ್ಲ. ಗಡಿಯಾಚೆಯಿಂದ ಜನ ಒಬ್ಬೊಬ್ಬರಾಗಿ ಮರಳಿ ಬರುತ್ತಿದ್ದರು. ಪ್ರತಿಯೊಂದು ಮನೆಗೂ ಹೋಗಿ ನಾನೇ ಹೇಳಿದೆ, ನಮ್ಮವ್ವ ಹೆಸರು ಹೇಳದ್ದಕ್ಕೆ ನಮ್ಮಪ್ಪ ಸತ್ತ ಎಂದು. ನಿನಗೆ ಗೊತ್ತಿತ್ತು. ಬಾವಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಆಗಲೂ ನೀನು ಬಾಯಿ ಬಿಡಲಿಲ್ಲ.

ಎಮ್ಮೆಯನ್ನು ಮಾರಿಸಿ ಮನೆಗೆ ಬೀಗ ಹಾಕಿಸಿ ತಿಂಗಳೊಳಗೆ ನಿನ್ನನ್ನು ಮೈಲೂರಿಗೆ ಕರೆತಂದೆ. ಪ್ರೀತಿಯಿಂದ ಕರೆತಂದೆ ಎಂದುಕೊಳ್ಳಬೇಡ. ನಿನಗೆ ಗಂಡುಮಕ್ಕಳಿರಲಿಲ್ಲ, ನನಗೆ ಬೇರೆ ದಾರಿ ಇರಲಿಲ್ಲ. ಅಳಿಯನ ಮನೆಯಲ್ಲಿ ಉಣ್ಣಬಾರದೆಂದು ನೀನು ಒಂದು ಚೀಲ ಜೋಳದ ಹಿಟ್ಟು ಹೊತ್ತು ತಂದಿದ್ದೆ. ಆ ಹಿಟ್ಟು ತೀರಿದ ದಿನ ಉಪವಾಸ ಕೂತೆ. ಕನ್ನಡ ಓದಲು ಬರೆಯಲು ಬರುವ ಹೆಂಗಸು ಸಿಕ್ಕರೆ ಸಾಕು ಎಂದು ಹೊಸ ಹೆಣ್ಣುಮಕ್ಕಳ ಶಾಲೆಗೆ ಆಗತಾನೆ ನನ್ನನ್ನು ಕರೆದಿದ್ದರು. ನಿನ್ನ ಅಳಿಯ ಬಂದು, "ಅತ್ತೀ, ಇದು ನಿಮ್ಮ ಮಗಳು ಸಾಲ್ಯಾಗ ದುಡದು ತಂದ ಜ್ವಾಳ್ರಿ, ನನ್ನದಲ್ಲ" ಅಂದ ಮೇಲೆ ಎರಡು ರೊಟ್ಟಿ ಉಂಡೆ. ಎಲ್ಲದಕ್ಕೂ ನಿನ್ನದೊಂದು ಕಟ್ಟು. ಕಟ್ಟು ಬಿಡಬೇಕಾದ ಒಂದು ದಿನ ಮಾತ್ರ ಬಿಡಲಿಲ್ಲ.

ಅಕ್ಷರ ಕಲಿಯಲು ಅಕ್ಕಪಕ್ಕದ ಹುಡುಗಿಯರು ಸಂಜೆ ನಮ್ಮ ಕಟ್ಟೆಗೆ ಬರುತ್ತಿದ್ದರು. ಶ ಬಂದಾಗ ನಾನು ಬೇರೆ ಯಾವ ಪದವನ್ನೂ ಹೇಳಿಕೊಡುತ್ತಿರಲಿಲ್ಲ. ಶ, ಶರಣಪ್ಪ. ಎಲ್ಲರೂ ಹೇಳಿ, ಗಟ್ಟಿಯಾಗಿ. ಶರಣಪ್ಪ. ನೀನು ಒಳಗೆ ಅಕ್ಕಿ ಆರಿಸುತ್ತ ಕೂತಿರುತ್ತಿದ್ದೆ, ಕೈ ನಿಲ್ಲುತ್ತಿತ್ತು. ಅದನ್ನು ನೋಡಲಿಕ್ಕೇ ನಾನು ಹಾಗೆ ಹೇಳಿಸುತ್ತಿದ್ದೆ. ಇದನ್ನು ಇವತ್ತು ಒಪ್ಪಿಕೊಳ್ಳುತ್ತೇನೆ. ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ಕೆಲಸಕ್ಕೆ ಸೇರಿದ ದಿನ ಮುಖ್ಯೋಪಾಧ್ಯಾಯಿನಿ ದೊಡ್ಡ ಬಾಯಿಯವರು ನನ್ನ ಗಂಡನ ಹೆಸರು ಕೇಳಿದರು. ನಾನು ಲೇಖನಿ ಇಸಿದುಕೊಂಡು ಪುಸ್ತಕದಲ್ಲಿ ಬರೆದುಕೊಟ್ಟೆ. ಬಾಯಿಂದ ಹೇಳಲಿಲ್ಲ. ಈವರೆಗೂ ಹೇಳಿಲ್ಲ. ನಿನ್ನಿಂದ ಬಂದದ್ದು ಇನ್ನೇನೇನಿದೆಯೋ ನನ್ನಲ್ಲಿ.

ನಾಲ್ಕನೆಯ ವರ್ಷದಲ್ಲಿ ನೀನು ಕಳಚತೊಡಗಿದೆ. ಮೊದಲು ಹೋದದ್ದು ವಾರಗಳು. ಬುಧವಾರ ಸೋಮವಾರವೆಂದು ಒಪ್ಪತ್ತು ಇರುತ್ತಿದ್ದೆ. ಬೆಳಗಿನ ಲಿಂಗಪೂಜೆ ಮುಗಿಸಿ ವಿಭೂತಿ ಒಣಗುವ ಮೊದಲೇ ಮತ್ತೆ ಕೈ ತೊಳೆದು ಪೂಜೆಗೆ ಕೂರುತ್ತಿದ್ದೆ. ಒಂದು ದಿನ ನಾನು ಶಾಲೆಯಿಂದ ಬಂದಾಗ ತಟ್ಟಿದ ರೊಟ್ಟಿಗಳನ್ನು ಹಸಿಯಾಗಿಯೇ ಒಂದರ ಮೇಲೊಂದು ಪೇರಿಸಿ ಇಟ್ಟಿದ್ದೆ. ತಟ್ಟುವುದು ಕೈಗೆ ನೆನಪಿತ್ತು, ಒಲೆ ಹಚ್ಚುವುದು ತಲೆಗೆ ನೆನಪಿರಲಿಲ್ಲ. ಅಯ್ಯೋ ಪಾಪ ಎನ್ನಬೇಕಿತ್ತು ನಾನು. ನನಗೆ ಬಂದದ್ದು ಭಯ. ಈ ಹೆಂಗಸು ಎಲ್ಲವನ್ನೂ ಮರೆತರೆ ನನಗೆ ಉತ್ತರ ಯಾರು ಕೊಡುತ್ತಾರೆ?

ಒಂದು ಸಂಜೆ ನಾನು ಒಳಗೆ ಬರುತ್ತಿದ್ದ ಹಾಗೆ ನೀನು ತಲೆಯ ಮೇಲೆ ಸೆರಗು ಹೊದ್ದು ಎದ್ದು ನಿಂತೆ. "ಬರ್ರಿ ಬಾಯಿಯವರೇ, ಕೂಡ್ರಿ. ಯಾರ ಪೈಕಿ ನೀವು? ಮನ್ಯಾಗ ಯಾರೂ ಇಲ್ರಿ" ಅಂದೆ. ಎಷ್ಟು ಮರ್ಯಾದೆ, ಎಷ್ಟು ನಯ. ನಿನ್ನ ಮಗಳಿಗೆ ಜನ್ಮದಲ್ಲಿ ಒಂದು ಸಲ ಹಾಗೆ ಮಾತಾಡಿದವಳಲ್ಲ ನೀನು. ಪಕ್ಕದ ಮನೆಯ ಖಾಲಾ ಅಲ್ಲೇ ಇದ್ದಳು. ನಾನು ಶಾಲೆಗೆ ಹೋದಾಗ ನಿನ್ನನ್ನು ನೋಡಿಕೊಳ್ಳುತ್ತಿದ್ದವಳು ಅವಳೇ ಅಲ್ಲವೇ. ಪೊಲೀಸ್ ಆಕ್ಷನ್ ಆಗಿ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದ ವಾರಗಳಲ್ಲಿ ಭಾಲ್ಕಿ ಕಡೆ ಹೋದ ಅವಳ ತಮ್ಮ ಮರಳಿ ಬರಲಿಲ್ಲ. ತಮ್ಮನ ಹೆಸರು ಹೇಳಲು ಅವಳಿಗೆ ಯಾವ ಅಡ್ಡಿಯೂ ಇರಲಿಲ್ಲ. ಕಂಡ ಕಂಡ ಕಚೇರಿಗೆ ಹೋಗಿ ಹೇಳಿದಳು, ಬರೆಸಿದಳು. ಅವನು ಬರಲೇ ಇಲ್ಲ. ಅದನ್ನು ನೋಡಿಯಾದರೂ ನನಗೆ ಬುದ್ಧಿ ಬರಬೇಕಿತ್ತೇನೋ… ಬರಲಿಲ್ಲ. ಅವಳು ಕೊನೆಗೆ ಹೇಳಿಯಾದರೂ ಸೋತಳು, ನೀನು ಹೇಳದೆ ಕೊಂದೆ ಎಂದೇ ಲೆಕ್ಕ ಹಾಕಿದೆ.

ಆರನೆಯ ವರ್ಷದ ಬೇಸಿಗೆಯ ಒಂದು ಬೆಳಿಗ್ಗೆ ನೀನು ಅಂಗಳದಲ್ಲಿ ಕೂತು ಕೂಗಿದೆ, "ಶರಣ್ಯಾ, ಏ ಶರಣ್ಯಾ, ಬಾರೋ ಇಲ್ಲಿ."

ನಾನು ನೀರಿನ ಕೊಡ ಅಲ್ಲೇ ಇಳಿಸಿ ನಿಂತೆ. ಜಂಗಮರಿಗೆ ಶರಣು ಎನ್ನದ ಬಾಯಿ ಅದು. ಖಾಲಾ ನಾಚಿಕೊಂಡು ಮುಖ ಆ ಕಡೆ ಮಾಡಿದಳು. ಅವಳೂ ಗಂಡನನ್ನು 'ವೋ' ಎಂದಷ್ಟೇ ಅನ್ನುವವಳು. ಆಮೇಲೆ ಗೊತ್ತಾಯಿತು, ನೀನು ಮದುವೆಗೆ ಮುಂಚಿನ ವಯಸ್ಸಿಗೆ ಹೋಗಿದ್ದೆ. ಅಪ್ಪ ನಿನಗೆ ಸೋದರತ್ತೆಯ ಮಗ. ಒಂದೇ ಅಂಗಳದಲ್ಲಿ ಆಡಿ ಬೆಳೆದವರು ನೀವು, ಯಾರೂ ನನಗೆ ಹೇಳಿರಲಿಲ್ಲ. ಖಾಲಾ ಮುಂದೆ ನೀನೇ ಹೇಳಿದೆಯಂತೆ, "ಶರಣ್ಯಾ ಹುಣಸಿಕಾಯಿ ತರ್ತೀನಿ ಅಂತ ಹೋದಾವ ಇನ್ನ ಬಂದಿಲ್ಲ ನೋಡು." ಅಂದಿನಿಂದ ಬೆಳಗಾದರೆ ಅದೇ ಹೆಸರು. ಹಾಲಿನವನಿಗೆ, ಬೇಲಿಯ ಮೇಲಿನ ಬೆಕ್ಕಿಗೆ, ನಿನ್ನ ಅಳಿಯನಿಗೆ. ಮಗಳ ಹೆಸರು ಹೋಗಿತ್ತು, ಊರಿನ ಹೆಸರು ಹೋಗಿತ್ತು, ನೀರು ಬೇಕಾದರೆ ನೀರು ಎನ್ನಲು ಬರುತ್ತಿರಲಿಲ್ಲ. ಅದೊಂದು ಹೆಸರು ಮಾತ್ರ ಉಳಿದಿತ್ತು. ಎಂಥ ಸುಖದ ಜಾಗ ಹುಡುಕಿಕೊಂಡೆ ನೀನು. ಅಲ್ಲಿ ಮದುವೆ ಇಲ್ಲ, ಲಾರಿ ಇಲ್ಲ, ಚಾವಡಿ ಇಲ್ಲ. ಇಲ್ಲಿ ನಿನ್ನ ಮಲಮೂತ್ರ ತೊಳೆಯುತ್ತ ಅದೆಲ್ಲವನ್ನೂ ಹೊತ್ತುಕೊಂಡಿದ್ದವಳು ನಾನು.

ನಿನ್ನ ಅಳಿಯ ಬಲವಂತ ಮಾಡಿದ್ದಕ್ಕೆ ಡಾಕ್ಟರನ್ನು ಕರೆಸಿದೆ. ವಯಸ್ಸಾದವರು. ನಾಡಿ ನೋಡಿ, ಕಣ್ಣು ನೋಡಿ, ನಿನ್ನ ಜೊತೆ ನಾಲ್ಕು ಮಾತಾಡಿ ಹೊರಗೆ ಬಂದು ಹೇಳಿದರು, "ಇದಕ್ಕ ಔಷಧ ಇಲ್ಲಮ್ಮಾ. ನಾ ಭಾಳ ಮುದುಕರನ್ನ ನೋಡೀನಿ. ಮೊದಲಿಗೆ ನೆಪ್ಪು ಸಾವಕಾಶ ಹೋಗ್ತದ, ಯಾರಿಗೂ ಗೊತ್ತಾಗಂಗಿಲ್ಲ. ಸಾವು ಹತ್ತಿರ ಬಂತಂದ್ರ ಭರ್ರನ ಇಳೀತದ. ಕಡೀಕ ಮಾತೂ ನಿಂತುಹೋಗ್ತದ. ಮಾತು ನಿಂತ ಮ್ಯಾಲ ಭಾಳ ದಿನ ಇರಂಗಿಲ್ಲ." ಎಷ್ಟು ದಿನ ಎಂದು ಕೇಳಿದೆ. ನನ್ನ ದನಿಯಲ್ಲಿ ಏನು ಕೇಳಿಸಿತೋ, ಅವರು ನನ್ನನ್ನು ಒಂದು ಸಲ ನೋಡಿ ಚೀಲ ಎತ್ತಿಕೊಂಡರು.

ಇನ್ನು ಬರೆಯುವುದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಒಂದು ಭಾನುವಾರ ಮಧ್ಯಾಹ್ನ ಎಣ್ಣೆ ಹಚ್ಚಿ ನಿನ್ನ ತಲೆ ಬಾಚುತ್ತಿದ್ದೆ. ಖಾಲಾ ಎದುರಿಗೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ನೀನು ಬೆಳಗ್ಗೆಯಿಂದ ನೂರು ಸಲ ಕೂಗಿದ್ದೆ. ನೂರೊಂದನೆಯ ಸಲ ಕೇಳಿದೆ, "ಶರಣ್ಯಾ ಬಂದ್ನೇನು? ಕರಿ ಅವನ್ನ." ನನ್ನ ಕೈ ತಡೆಯಲಿಲ್ಲ. ನಿನ್ನ ಗದ್ದ ಹಿಡಿದು ಮುಖ ನನ್ನ ಕಡೆ ತಿರುಗಿಸಿಕೊಂಡೆ.

"ಬರಂಗಿಲ್ಲ. ಸತ್ತಾನ. ಆರು ವರ್ಷ ಆತು ಸತ್ತು. ನೀನೇ ಕೊಂದಿ ಅವನ್ನ."

ನಿನ್ನ ಕಣ್ಣು ತಿಳಿಯಾದವು, ಅವ್ವಾ. ನಾನು ನೋಡಿದೆ. ಒಂಬತ್ತು ವರ್ಷದ ಹುಡುಗಿ ಎದ್ದುಹೋಗಿ ನೀನು ಬಂದು ಕೂತೆ. "ನೀಲಾ" ಅಂದೆ. ಎಂಟು ತಿಂಗಳಲ್ಲಿ ಮೊದಲ ಸಲ ನನ್ನ ಹೆಸರು. ಆಮೇಲೆ ಸೆರಗಿನ ತುದಿ ತೆಗೆದು ಬಾಯಿಗೆ ಒತ್ತಿಕೊಂಡೆ. "ನಕ್ಕೋ ಬೇಟಿ, ಐಸಾ ನಕ್ಕೋ ಬೋಲೋ" ಎಂದು, ಹಾಗೆ ಅನ್ನಬೇಡ ಎಂದು, ಖಾಲಾ ಸೊಪ್ಪಿನ ಬುಟ್ಟಿ ಅಲ್ಲೇ ಬಿಟ್ಟು ಮನೆಗೆ ಹೋದಳು. ಎರಡು ದಿನ ನಮ್ಮ ಹೊಸಿಲು ತುಳಿಯಲಿಲ್ಲ.

ಅವತ್ತಿನಿಂದ ನೀನು ಮಾತಾಡಲಿಲ್ಲ. ಒಂದು ಅಕ್ಷರವೂ ಇಲ್ಲ. ಗಂಜಿ ಕುಡಿಸಿದರೆ ಕುಡಿಯುತ್ತಿದ್ದೆ, ಮಗ್ಗುಲು ತಿರುಗಿಸಿದರೆ ತಿರುಗುತ್ತಿದ್ದೆ, ತುಟಿ ಮಾತ್ರ ಬಿಗಿಹಿಡಿದಿದ್ದೆ. ಏಳು ವಾರದ ಮೇಲೆ ಒಂದು ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ಹೋದೆ. ಡಾಕ್ಟರು ಹೇಳಿದ ಹಾಗೇ ಆಯಿತು ಎಂದು ನಿನ್ನ ಅಳಿಯ ಅಂದ. ನಾನೂ ಹಾಗೇ ಅಂದುಕೊಂಡೆ. ಅದು ಕಾಯಿಲೆ, ಎಲ್ಲ ಮುದುಕರಿಗೂ ಬರುವಂಥದ್ದು, ನನ್ನ ಮಾತಿಗೂ ಅದಕ್ಕೂ ಸಂಬಂಧವಿಲ್ಲ. ಎರಡು ವರ್ಷ ಅದನ್ನೇ ಹೇಳಿಕೊಂಡು ಊಟ ಮಾಡಿದೆ, ನಿದ್ದೆ ಮಾಡಿದೆ. ಸಮಾಧಿಯ ಮುಂದೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಜನ ಮಾತಾಡಿಕೊಂಡರು. ಮಾತಾಡಲಿ ಎಂದುಕೊಂಡೆ.

ಹೋದ ತಿಂಗಳು ನಮ್ಮ ಶಾಲೆಗೆ ತಪಾಸಣೆ ಬಂತು. ಹೈದರಾಬಾದ್ ರಾಜ್ಯ ಇನ್ನು ಕೆಲವೇ ತಿಂಗಳು, ಉರ್ದುವಿನಲ್ಲಿದ್ದ ದಾಖಲೆ ಪುಸ್ತಕಗಳನ್ನೆಲ್ಲ ಕನ್ನಡಕ್ಕೆ ಇಳಿಸಬೇಕು ಎಂದು ಬಂದ ಇನ್ಸ್‌ಪೆಕ್ಟರು ಒಬ್ಬೊಬ್ಬರ ಊರು, ತಂದೆಯ ಹೆಸರು ಓದಿ ನೋಡುತ್ತಿದ್ದರು. ನನ್ನ ಸಾಲಿನಲ್ಲಿ ಬೆರಳು ಇಟ್ಟು ಊರಿನ ಹೆಸರು ಎರಡು ಸಲ ಓದಿದರು. ಎಲ್ಲರೂ ಹೋದ ಮೇಲೆ ನನ್ನನ್ನು ಕರೆದರು.

"ನಿಮ್ಮ ತಾಯಿಯವರು ಎಡಗಾಲು ಸ್ವಲ್ಪ ಎಳೀತಿದ್ರೇನ್ರಿ?"

"ಹೌದ್ರಿ. ನಿಮಗ ಹ್ಯಾಂಗ ಗೊತ್ತು?"

"ನಿಮ್ಮೂರ ಚಾವಡ್ಯಾಗ ಯಾದಿ ಬರೀಲಿಕ್ಕೆ ಕೂತಿದ್ದವ ನಾನೇ. ಆವತ್ತು ಅವರು ಹೇಳಲಿಲ್ಲ. ಮರುದಿನ ಹೊತ್ತು ಏರೂದ್ರಾಗ ಔರಾದದಾಗ ನಮ್ಮ ಬಿಡಾರದ ಮುಂದ ನಿಂತಿದ್ರು. ಎರಡು ಹರದಾರಿ ನಡಕೋತ ಬಂದಿದ್ರು. ಮಂದಿ ಮುಂದ ಹೇಳಂಗಿಲ್ಲ ಅಂತ ನನ್ನ ಗ್ವಾಡಿ ಹಿಂದ ಕರಕೊಂಡು ಹೋದ್ರು. ಮಾರಿ ಆ ಕಡಿ ಮಾಡಿ ಒಂದ್ ಸಲ ಹೇಳಿದ್ರು, ಶರಣಪ್ಪ ಅಂತ. ಹೇಳಿ ಅಲ್ಲೇ ಕೂತುಬಿಟ್ರು. 'ಅವರಿಗೇನೂ ಆಗಂಗಿಲ್ಲಲ್ಲಪ್ಪಾ' ಅಂತ ಕೇಳಿದ್ರು. ನನಗ ಆಗ ಸಣ್ಣ ವಯಸ್ಸು, ನಗು ಬಂತು. 'ಏನಾಗ್ತದ್ರಿ, ಇನ್ನ ನೂರು ವರ್ಷ ಇರ್ತಾರ' ಅಂದೆ. ಹಂಗ ಅನ್ನಬಾರದಿತ್ತು ನಾ."

ಅವರ ಎದುರು ನಾನು ಏನೂ ಆಡಲಿಲ್ಲ. ನಿನ್ನ ಮಗಳಲ್ಲವೇ. ಮನೆಗೆ ನಡೆದು ಬರುವಾಗ ಒಂದೊಂದಾಗಿ ಅರ್ಥವಾಗುತ್ತ ಬಂತು. ನೀನು ಹೇಳಿದೆ. ಹೇಳಿ ಮೂರು ವಾರಕ್ಕೆ ಅಪ್ಪ ಸತ್ತ ಸುದ್ದಿ ತಂದವಳು ನಾನು. ಹೆಸರು ಹೇಳಿದ್ದೆಯಾ ಎಂದು ಕೇಳಿದವಳೂ ನಾನು. ಆಯುಷ್ಯ ಕಡಿಮೆಯಾಗುತ್ತದೆ ಎಂದು ಹುಟ್ಟಿದಾಗಿನಿಂದ ನಂಬಿದವಳು ಹೌದು ಎಂದು ಹೇಗೆ ಒಪ್ಪಿಕೊಳ್ಳಬೇಕಿತ್ತು? ಹೇಳದೆ ಕೊಂದವಳು ಎಂದು ಊರೆಲ್ಲ ಅನ್ನಲಿ, ಹೇಳಿ ಕೊಂದವಳು ಎಂದು ಮಗಳಿಗೆ ಗೊತ್ತಾಗದಿರಲಿ ಎಂದು ಸುಮ್ಮನಾದೆ. ಅಷ್ಟೇ ಅಲ್ಲವೇ? ಆರು ವರ್ಷ ತಪ್ಪು ಕಾರಣಕ್ಕೆ ನಿನ್ನನ್ನು ದ್ವೇಷಿಸುವ ಹಾಗೆ ಮಾಡಿದೆಯಲ್ಲ, ನನ್ನ ಮೇಲೆ ನಿನಗೆ ಅಷ್ಟೂ ನಂಬಿಕೆ ಇರಲಿಲ್ಲವೇ? 'ನೀಲಾ, ನಾ ಹೇಳಿದ್ದೆ' ಎಂಬ ಮೂರು ಮಾತಿಗೆ ಎಷ್ಟು ಉಸಿರು ಬೇಕಿತ್ತು? ಹೇಳಿದ್ದರೆ ನಾನು ನಿನ್ನನ್ನು ತಬ್ಬಿಕೊಳ್ಳುತ್ತಿದ್ದೆನೋ ಏನೋ. ಅದಕ್ಕೂ ಅವಕಾಶ ಕೊಡಲಿಲ್ಲ. ನಿನ್ನನ್ನು ಕ್ಷಮಿಸಿಲ್ಲ ನಾನು, ಬರೆದಿಟ್ಟುಕೋ.

ಆದರೆ ಈಗ ನನ್ನ ಹತ್ತಿರ ಹೊಸದೊಂದು ಪ್ರಶ್ನೆ ಬಂದು ಕೂತಿದೆ. ಆ ಭಾನುವಾರ ನೀನೇ ಕೊಂದೆ ಎಂದು ನಾನು ಅಂದಾಗ ನಿನಗೆ ಏನು ಕೇಳಿಸಿರಬೇಕು? ಬೆಳಗ್ಗೆಯಿಂದ ಹೆಸರು ಕೂಗುತ್ತಿದ್ದವಳಿಗೆ… ಆ ಏಳು ವಾರ ನಿನ್ನ ಮಾತು ಹೋಗಿತ್ತೋ, ಇಲ್ಲ, ಮಾತು ಇದ್ದೂ ತುಟಿ ಕಚ್ಚಿ ಹಿಡಿದಿದ್ದೆಯೋ? ಡಾಕ್ಟರು ಹೇಳಿದ್ದೇ ನಿಜವಿರಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ. ನಿನ್ನ ಬುದ್ಧಿ ಪೂರಾ ಹೋಗಿರಲಿ, ಏನೂ ತಿಳಿಯದೆ ಸತ್ತಿರಬೇಕು ಎಂದು ಹೆತ್ತ ತಾಯಿಯ ಬಗ್ಗೆ ಬೇಡಿಕೊಳ್ಳುವ ಮಗಳು ಎಲ್ಲಾದರೂ ಇದ್ದಾಳೆಯೇ?

ಇನ್ಸ್‌ಪೆಕ್ಟರು ನಿನ್ನೆ ಅಂಚೆಯಲ್ಲಿ ಎರಡು ಹಾಳೆ ಕಳಿಸಿದ್ದಾರೆ. ಒಂದು, ಆಗಿನ ಅವರ ನೋಟುಬುಕ್ಕಿನದು. ಅದರಲ್ಲಿ ಅಪ್ಪನ ಹೆಸರಿದೆ, ತಾರೀಖು ಇದೆ, 'ಹೆಂಡತಿಯೇ ಬಂದು ಹೇಳಿದ್ದು' ಎಂದು ಬರೆದಿದೆ. ಇನ್ನೊಂದು, ಜೈಲಿನಿಂದ ಅವರಿಗೆ ಬಂದ ಉರ್ದು ಜವಾಬು. ಅದು ಅವರ ಕೈಗೆ ಸಿಕ್ಕಾಗ ಎರಡು ತಿಂಗಳು ಕಳೆದಿತ್ತಂತೆ. ಊರಿಗೆ ಆಳು ಕಳಿಸಿದರೆ ಮನೆಗೆ ಬೀಗ. ಬೀಗ ಹಾಕಿಸಿದವಳು ನಾನು. ಜವಾಬಿನ ಅಕ್ಷರ ನನಗೆ ಬರುವುದಿಲ್ಲ, ಖಾಲಾ ಕನ್ನಡಕ ಹಾಕಿಕೊಂಡು ಓದಿದಳು. ಒಂದು ಸಲ ಓದಿ, ತಾರೀಖು ಮತ್ತೆ ಓದು ಎಂದು ಎರಡು ಸಲ ಓದಿಸಿದೆ.

ಈ ಭಾನುವಾರ ಮೋಟಾರು ಹಿಡಿದು ಔರಾದಕ್ಕೆ ಹೋಗಿ ಅಲ್ಲಿಂದ ಊರಿಗೆ ನಡೆಯುತ್ತೇನೆ. ಹದಿನೈದು ಮನೆಗೂ ಹೋಗುತ್ತೇನೆ. ನಮ್ಮವ್ವ ಹೆಸರು ಹೇಳಿದ್ದಳು, ನಾನು ಊರೆಲ್ಲ ಸಾರಿದ್ದು ತಪ್ಪು ಎಂದು ಪ್ರತಿ ಹೊಸಿಲಲ್ಲೂ ನಿಂತು ಹೇಳುತ್ತೇನೆ. ಅದು ಅವರಿಗೆ.

ನಿನಗೆ ಹೇಳಬೇಕಾದದ್ದು ಬೇರೆ. ಆ ಕಾರ್ಯಕರ್ತ ನಮ್ಮೂರ ಚಾವಡಿಗೆ ಬಂದು ಕೂರುವ ಮೂರು ದಿನ ಮೊದಲೇ ಅಪ್ಪ ತೀರಿಕೊಂಡಿದ್ದ. ನೀನು ಹೇಳದೆ ಇದ್ದ ದಿನವೂ ಅವನಿರಲಿಲ್ಲ, ಹೇಳಿದ ದಿನವೂ ಇರಲಿಲ್ಲ. ಆ ಗೋಡೆಯ ಹಿಂದೆ ಮುಖ ತಿರುಗಿಸಿ ನೀನು ಹೇಳಿದ್ದರಿಂದ ಯಾರ ಆಯುಷ್ಯವೂ ಒಂದು ಗಳಿಗೆ ಕಡಿಮೆಯಾಗಲಿಲ್ಲ.

ನೀನು ಕೊಲ್ಲಲಿಲ್ಲ, ಅವ್ವಾ. ನಾನು ಹೇಳಿದ್ದು ಸುಳ್ಳು.

ನೀಲಾ